ತೂಗುಬಿಟ್ಟ ಕಡ್ಡಿಗಳು

ಫೆಬ್ರವರಿ 24, ಸೋಮವಾರ

ಬಾಗಿಲ ಬಳಿಯ ಭೂದೇವನ ಗೂಡಿಗೆ ಊದುಬತ್ತಿ, ಪುಟ್ಟ ಬಟ್ಟಲಲ್ಲಿ ಚಹಾ. ಅನಂತರ ಉಕ್ಕಿಗೆ ಲೇಪ ಹಾಕುವ ಪ್ಲೇಟಿಂಗ್ ತೊಟ್ಟಿಗಳ ಬಿಸಿ ನೋಡಿದ್ದಾಯಿತು. ಎಲ್ಲವೂ ಕ್ರಮದಲ್ಲಿದೆ. ಹೊರಗೆ ಗಾಳಿ. ವಿಚಿಟಾದಲ್ಲಿ ಗಾಳಿಯಿಲ್ಲದ ದಿನವನ್ನು ಬರೆದಿಡಬೇಕು, ಇರುವ ದಿನವನ್ನಲ್ಲ.

ಇಂದು ಉರಿಬೆಯವರ ಕಡೆಯ ಭೇಟಿ. ಸರ್ಕಾರದ ತಪಾಸಣಾಧಿಕಾರಿ. ಇಷ್ಟು ವರ್ಷ ಪ್ರತಿ ಸೋಮವಾರ ತಪ್ಪದೆ ಬಂದವರು. ಈ ಕಾರ್ಖಾನೆಯಿಂದ ಹೊರಟ ಪ್ರತಿ ಪೆಟ್ಟಿಗೆಯ ಕಾಗದದಲ್ಲೂ ಎರಡು ಮುದ್ರೆ. ಮೊದಲು ಇಲ್ಲಿನ ಪರೀಕ್ಷಕಿಯಾದ ನನ್ನದು, ಪಕ್ಕದಲ್ಲಿ ಅವರದು. ಅದನ್ನು ದೊಡ್ಡ ಕಂಪನಿ ಕೊಂಡು, ತಾನೂ ಒಮ್ಮೆ ನೋಡಿ, ತನ್ನ ಹೆಸರಿನಲ್ಲಿ ಸೈನ್ಯಕ್ಕೆ ಮಾರುತ್ತಿತ್ತು.

ಈಗ ಹೊಸ ಖರೀದಿ ನಿಯಮ. ಬಿಡಿಭಾಗಗಳನ್ನು ನಮ್ಮಂಥ ಸಣ್ಣವರಿಂದಲೇ ನೇರವಾಗಿ ಕೊಳ್ಳುವುದು. ಬೇಗ, ಅಗ್ಗವಾಗಿ. ದೊಡ್ಡ ಕಂಪನಿಯ ತಪಾಸಣೆ ಇಲ್ಲ, ಸರ್ಕಾರದ್ದೂ ಇಲ್ಲ. ತಯಾರಿಸಿದವರೇ ಸರಿಯಿದೆ ಎಂದರೆ ಸಾಕು. ಎರಡು ಸಲ ತೊಡಕಾದರೆ ಮಾತ್ರ—ತಡವಾಗಲಿ, ಮಾಲು ವಾಪಸಾಗಲಿ—ಮಾರಾಟಗಾರರ ಪಟ್ಟಿಯಿಂದ ಹೊರಗೆ.

ಖಾಂಗ್‌ಗೆ ಹಿಗ್ಗು. ಕಾರ್ಖಾನೆ ಅವನದು, ತಂಗಿಯ ಮಗ. ಇಷ್ಟು ದಿನ ದೊಡ್ಡವರ ಹಿಂಬಾಗಿಲಲ್ಲಿ ನಿಂತೆವು, ಇನ್ನು ಮುಂಬಾಗಿಲು ಎನ್ನುತ್ತಾನೆ. ಸಂತೋಷವೇ. ನಾನೂ ಹಾಗೇ ಅಂದುಕೊಳ್ಳಲು ಯತ್ನಿಸುತ್ತಿದ್ದೇನೆ.

ಉರಿಬೆ ಎಂದಿನಂತೆ ಗೂಡಿನ ಮುಂದೆ ಒಂದು ಕಿತ್ತಳೆ ಇಟ್ಟರು. ಹೊರಡುವಾಗ ಟೋಪಿಯನ್ನು ಕೈಯಲ್ಲೇ ತಿರುಗಿಸುತ್ತ ನಿಂತರು.

"ಮಿಸ್ ಥ್ವಾ, ಇನ್ಮೇಲೆ ನಿಮ್ಮನ್ನ ನೋಡೋರು ಯಾರೂ ಇಲ್ಲ."

"ನನ್ನನ್ನ ನೋಡೋಕೆ ನಾನಿದ್ದೀನಲ್ಲ," ಎಂದೆ.

ನಕ್ಕರು. ಆದರೆ ಆ ನಗು ಮುಖದಲ್ಲಿ ನಿಲ್ಲಲಿಲ್ಲ.

ಮಾರ್ಚ್ 3, ಸೋಮವಾರ

ದಿನವಿಡೀ ಖಾಂಗ್‌ನ ಕೋಣೆಯಲ್ಲಿ. ಪಟ್ಟಿಯಲ್ಲಿ ಹೆಸರು ಕಾಯಂ ಮಾಡಿಸುವ ಅರ್ಜಿ, ಅದಕ್ಕೆ ಲಗತ್ತು, ಲಗತ್ತಿಗೆ ವಿವರಣೆ. ಮೊದಲು ದೊಡ್ಡ ಕಂಪನಿ ಮಾಡುತ್ತಿದ್ದ ಕೆಲಸ. ಈಗ ನಮ್ಮ ತಲೆಗೆ. ಬರೆಯಲು ನಾನೇ ಬೇಕಂತೆ. ಬೇಡವೆನ್ನುವುದು ಹೇಗೆ? ಹುಟ್ಟೂರು ಮೀ ಥೋದ ಕಚೇರಿಯೆದುರು ಅಪ್ಪ ಅರ್ಜಿ ಬರೆಯುತ್ತಿದ್ದರು, ನಕಲು ತೆಗೆಯುತ್ತಿದ್ದವಳು ನಾನು. ನಮ್ಮ ಮನೆಯಿಂದ ಹೋದ ಅರ್ಜಿ ಭಾಷೆ ಸರಿಯಿಲ್ಲವೆಂದು ತಿರುಗಿ ಬಂದದ್ದಿಲ್ಲ.

ಖಾಂಗ್ ಹಿಂದಿನಿಂದ ಓದಿ ನಕ್ಕ. "ದೊಡ್ಡಮ್ಮ, ಇದನ್ನ ಓದೋದು ಕಂಪ್ಯೂಟರು. ಅದಕ್ಕೆ ಸವಿನಯ, ವಿನಮ್ರ ಎಲ್ಲ ಯಾಕೆ?"

ಯಾರೇ ಓದಲಿ, ಮರ್ಯಾದೆಯಲ್ಲಿ ಕೊರತೆಯಾಗಬಾರದೆಂದೆ.

ಆದಕಾರಣ ಇಂದು ತೊಟ್ಟಿಗಳ ಬಳಿ ಹೋಗಲಾಗಲಿಲ್ಲ. ಮಧ್ಯಾಹ್ನ ಸುಂಟರಗಾಳಿಯ ಸೈರನ್ ಕೂಗಿತು. ಸೋಮವಾರದ ಪರೀಕ್ಷೆ ಅಷ್ಟೆ. ಆದರೂ ಒಮ್ಮೆ ಎದೆ ಹಾರಿತು. ಈಚೆಗೆ ಎಲ್ಲದಕ್ಕೂ ಹಾರುತ್ತದೆ.

ಮೊದಲ ನೇರ ಆರ್ಡರಿನ ಪಿನ್ನುಗಳು ಇಂದೇ ಪ್ಲೇಟಿಂಗ್ ಆಗಿವೆ. ಹೆಲಿಕಾಪ್ಟರಿನ ರೆಕ್ಕೆಯನ್ನು ಹಿಡಿದಿಡುವ ಉಕ್ಕಿನ ಪಿನ್ನು. ಡ್ಯಾರೆಲ್ ನೋಡಿಕೊಂಡ. ಅವನು ಲೇತಿನವನು. ಆರ್ಡರು ಇಮ್ಮಡಿಯಾಯಿತೆಂದು ಖಾಂಗ್ ಅವನನ್ನು ಹೋದ ತಿಂಗಳು ತೊಟ್ಟಿಗಳ ಕಡೆಗೆ ಹಾಕಿದ. ಒಳ್ಳೆಯ ಕೈ. ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತಾನೆ.

ಮಾರ್ಚ್ 5, ಬುಧವಾರ

ಕಡ್ಡಿಗಳನ್ನು ತೂಗುಬಿಟ್ಟೆ.

ಖಾಂಗ್ ಬಂದು ಕೈಕಟ್ಟಿ ನಿಂತ. ಹೊಸ ನಿಯಮದಲ್ಲಿ ಪ್ರತಿ ಸರಕಿಗೂ ಈ ಪರೀಕ್ಷೆ ಕಡ್ಡಾಯವಲ್ಲ, ತಯಾರಕರ ವಿವೇಚನೆಗೆ ಬಿಟ್ಟದ್ದು ಎಂದ. ಆ ತಯಾರಕರ ವಿವೇಚನೆ ಇಲ್ಲಿ ಸ್ಟೂಲಿನ ಮೇಲೆ ಕೂತಿದೆ ಎಂದೆ.

ಅವನಿಗೆ ಗೊತ್ತಿಲ್ಲವೆಂದಲ್ಲ. ಉಕ್ಕು ಪ್ಲೇಟಿಂಗ್ ತೊಟ್ಟಿಯಲ್ಲಿದ್ದಾಗ ತುಕ್ಕು ತಡೆಯುವ ಲೇಪದ ಜೊತೆ ಜಲಜನಕವನ್ನೂ ಕುಡಿಯುತ್ತದೆ. ಹೊರತೆಗೆದ ನಾಲ್ಕು ಗಂಟೆಯೊಳಗೆ ಒವನ್ನಿಗೆ ಹಾಕಿ ಇಡೀ ದಿನ ಕಾಯಿಸಿದರೆ ಅದು ಬಿಟ್ಟುಹೋಗುತ್ತದೆ. ತಡವಾದರೆ ಒಳಗೇ ಕೂರುತ್ತದೆ. ಕಣ್ಣಿಗೆ ಕಾಣದು, ಬಿರುಕು ತೋರಿಸುವ ಬಣ್ಣದ ನೀರಿನ ಪರೀಕ್ಷೆಗೂ ಸಿಗದು. ಪಿನ್ನು ಹೊಳೆಯುತ್ತಲೇ ಇರುತ್ತದೆ. ಎಂದೋ ಭಾರ ಹೊತ್ತಿದ್ದಾಗ, ಬಾಗದೆ, ಮುನ್ಸೂಚನೆ ಕೊಡದೆ, ಗಾಜಿನಂತೆ ಎರಡಾಗುತ್ತದೆ.

ಅದಕ್ಕೇ ಕಡ್ಡಿ. ಅದೇ ಉಕ್ಕಿನದು, ನಡುವೆ ಕಚ್ಚು ಹಾಕಿದ್ದು. ಪಿನ್ನುಗಳ ಜೊತೆ ಅದೇ ತೊಟ್ಟಿ, ಅದೇ ಒವನ್. ಬಳಿಕ ಚೌಕಟ್ಟಿಗೆ ಸಿಕ್ಕಿಸಿ ಭಾರ ಇಳಿಬಿಡುವುದು, ಎಂಟು ದಿನಕ್ಕೂ ಮೇಲೆ. ಕಡ್ಡಿ ತಡೆದುಕೊಂಡರೆ ಪಿನ್ನೂ ತಡೆದುಕೊಳ್ಳುತ್ತದೆ. ಅಲ್ಲಿಯವರೆಗೆ ನನ್ನ ಮುದ್ರೆ ಜೇಬಿನಲ್ಲೇ.

ಮಾರ್ಚ್ 8, ಶನಿವಾರ

ಗಡುವು ಸೋಮವಾರಕ್ಕೆ ಮುಗಿಯುತ್ತದೆ. ಒಂದು ತಡ ನಮ್ಮ ಹೆಸರಿಗೆ ಬೀಳುತ್ತದೆ. ಇನ್ನೊಂದು ತಪ್ಪಾದರೆ ಮುಗಿಯಿತು. ನೇರ ಆರ್ಡರಿಗೆಂದು ದೊಡ್ಡ ಕಂಪನಿಯನ್ನು ಬಿಟ್ಟಾಯಿತು. ಅಲ್ಲಿಗೆ ಮರಳುವ ದಾರಿಯಿಲ್ಲ. ಕಾರ್ಖಾನೆಯನ್ನು ನೆಚ್ಚಿದವರ ಮನೆಗಳೆಲ್ಲ ಕಣ್ಮುಂದೆ ಬರುತ್ತವೆ.

ಬಾಗಿಲು ಹಾಕುವಾಗ ಖಾಂಗ್ ಹೇಳಿದ, "ಉರಿಬೆ ಇದ್ದಾಗ ಅವರ ಹೆಸರು ಹೇಳಿ ತಡ ಮಾಡ್ತಿದ್ರಿ. ಈಗ ಯಾರ ಹೆಸರು ಹೇಳ್ತೀರಿ?"

ಒಂದೇ ಮುದ್ರೆಯೆಂದರೆ ಏನೆಂದು ಅರ್ಥವಾಗತೊಡಗಿದೆ. ಮೊದಲು ನಾನು ತಪ್ಪಿದರೆ ಹಿಡಿಯುವ ಇನ್ನೊಂದು ಕೈ ಇತ್ತು. ಅದನ್ನು ಒಪ್ಪಿಕೊಂಡಿರಲಿಲ್ಲ, ಅಷ್ಟೆ.

ಮಾರ್ಚ್ 11, ಮಂಗಳವಾರ

ತಡ ದಾಖಲಾಯಿತು. ಇಮೇಲ್ ಬಂತು. ಮನುಷ್ಯರ ಸಹಿ ಇಲ್ಲ.

ಕಡ್ಡಿಗಳು ತೂಗುತ್ತಿವೆ. ದಿನಕ್ಕೆ ಎಷ್ಟು ಸಲ ಹೋಗಿ ನೋಡುತ್ತೇನೋ. ಫ್ಯಾನಿನ ಕಟಕಟ, ಬಾಗಿಲ ಚಿಲಕ, ಯಾವುದು ಸದ್ದು ಮಾಡಿದರೂ ಕಡ್ಡಿಯೇ ಮುರಿಯಿತೆನ್ನಿಸುತ್ತದೆ. ಊಟ ಸೇರುತ್ತಿಲ್ಲ.

ಡ್ಯಾರೆಲ್ ರೇಗಿಸುತ್ತಾನೆ: "ಮಿಸ್ ಥ್ವಾ, ಹಂಗೆ ದುರುಗುಟ್ಟಿ ನೋಡಿದ್ರೆ ಹೆದರ್ಕೊಂಡೇ ಮುರೀತಾವೆ ನೋಡಿ."

ಮಾರ್ಚ್ 13, ಗುರುವಾರ

ತಡೆದುಕೊಂಡವು. ಎಲ್ಲವೂ.

ಮುದ್ರೆ ಒತ್ತಿದೆ. ಪಕ್ಕದ ಜಾಗ ಖಾಲಿ. ಖಾಂಗ್ ಪಕ್ಕದಲ್ಲೇ ನಿಂತಿದ್ದ; ನೀವು ಹೇಳಿದ್ದೇ ಸರಿ ದೊಡ್ಡಮ್ಮ ಎಂದು ತಲೆ ತಗ್ಗಿಸಿದ. ಹಟ ಹಿಡಿದು ಕಾದವಳು ನಾನು. ಹೆಮ್ಮೆ ಪಟ್ಟೆನೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಪೆಟ್ಟಿಗೆಯನ್ನು ನಾಳೆ ಡ್ಯಾರೆಲ್ ವ್ಯಾನಿನಲ್ಲಿ ತಾನೇ ಒಯ್ಯುತ್ತಾನಂತೆ. ಸಲೈನಾ ಹತ್ತಿರದ ಸೈನ್ಯದ ನೆಲೆಗೆ. ಅವನ ಮಗಳು ಮಾರ್ಲಾ ಅಲ್ಲಿ ಹೆಲಿಕಾಪ್ಟರ್ ಮೆಕ್ಯಾನಿಕ್. ವಾರದ ದಿನ ಟ್ರ್ಯಾಕ್ಟರ್ ರಿಪೇರಿ, ತಿಂಗಳಿಗೊಂದು ವಾರಾಂತ್ಯ ಸೈನ್ಯದ ಸಮವಸ್ತ್ರ. ಅಪ್ಪ ಮಾಡಿದ ಪಿನ್ನನ್ನು ಮಗಳು ಜೋಡಿಸುತ್ತಾಳೆ. ಮೊದಲಾಗಿದ್ದರೆ ಅದು ಎಷ್ಟು ಗೋದಾಮು ಸುತ್ತಿ ಎಲ್ಲಿಗೆ ಹೋಗುತ್ತಿತ್ತೋ ಯಾರಿಗೂ ತಿಳಿಯುತ್ತಿರಲಿಲ್ಲ. ಹೊಸ ನಿಯಮದಲ್ಲಿ ಇದೊಂದು ಚೆನ್ನಾಗಿದೆ.

ಇಂದು ಶಾವಿಗೆ ಸಾರನ್ನು ಎರಡು ಬಟ್ಟಲು ತಿಂದೆ.

ಮಾರ್ಚ್ 27, ಗುರುವಾರ

ಬರೆಯಲೋ ಬೇಡವೋ. ಬರೆಯುತ್ತೇನೆ. ಕ್ರಮವಾಗಿ ಬರೆದರೆ ಭಯ ಕ್ರಮಕ್ಕೆ ಬರಬಹುದು.

ಊಟದ ಹೊತ್ತು. ಡ್ಯಾರೆಲ್ ಎಂದಿನ ಎಲೆಕೋಸು-ಮಾಂಸದ ಬನ್ನು ಬಿಚ್ಚಿದ. ಅರ್ಧ ಮುರಿದು ನನಗೆ ಕೊಟ್ಟ. ಈ ಸಲದ ಕಡ್ಡಿಗಳೂ ಗಟ್ಟಿಯಾಗಿ ನಿಂತಿವೆ, ನಿನ್ನ ಕೈಗುಣ ಒಳ್ಳೆಯದೆಂದು ಹೊಗಳಿದೆ. ಹಿಗ್ಗಿಹೋದ.

"ನಿಂತೇ ನಿಲ್ತಾವೆ. ನಿಮ್ಮ ಕಡ್ಡಿಗಳನ್ನ ರಾಜಕುಮಾರೀರ ಥರ ನೋಡ್ಕೊಂತೀನಿ. ತೊಟ್ಟಿಯಿಂದ ತೆಗೆದ ತಕ್ಷಣ ಸಣ್ಣ ಒವನ್ನಿಗೆ. ಒಂದು ನಿಮಿಷ ಹೊರಗೆ ಬಿಡಲ್ಲ."

ಪಿನ್ನುಗಳು?

"ಅವು ದೊಡ್ಡ ಒವನ್ ಖಾಲಿ ಆದಾಗ. ಈಗೆಲ್ಲ ಅದು ತುಂಬೇ ಇರತ್ತಲ್ಲ. ನೀವೇ ಹೇಳಿದ್ದಲ್ವಾ, ಕಡ್ಡೀನ ಮಾತ್ರ ಹೊರಗೆ ಬಿಟ್ಟಿರಬೇಡ ಅಂತ."

ಹೇಳಿದ್ದೆ. ಹತ್ತಾರು ಸಲ, ಬೆರಳೆತ್ತಿ. ಪಿನ್ನಿನ ಜೊತೆಗೆ ಎಂದು ಹೇಳಲಿಲ್ಲ. ಅದು ಹೇಳಬೇಕಾದ ಮಾತೆಂದೇ ತೋರಲಿಲ್ಲ. ಪ್ಲೇಟಿಂಗಿನವರಿಗೆ ಅದು ಉಸಿರಾಟದಂತೆ. ಅವನು ಲೇತಿನವನು.

ಬನ್ನನ್ನು ಕೆಳಗಿಟ್ಟೆ. ಸಾಧ್ಯವಾದಷ್ಟು ಮೆಲ್ಲಗೆ ಕೇಳಿದೆ. ಆ ಮೊದಲ ಸರಕು, ಆ ಸೋಮವಾರ, ಪಿನ್ನುಗಳು ಎಷ್ಟು ಹೊತ್ತು ಹೊರಗಿದ್ದವು?

ಯೋಚಿಸಿದ. ಸೈರನ್ ಕೂಗುವ ತುಸು ಮುಂಚೆ ತೆಗೆದದ್ದು. ಒವನ್ನಿಗೆ ಹಾಕಿದ್ದು ಸಂಜೆಯ ಕಾಫಿಗೆ ಮುಂಚೆಯೋ ಆಮೇಲೋ. ಆ ನಾಲ್ಕು ಗಂಟೆಯ ಗಡುವಿನ ಒಳಗೇ ಇರಬೇಕು ಎಂದ. ಅನಂತರ, "ಕಡ್ಡಿ ತಡ್ಕೊಂಡ್ವಲ್ಲ. ತೊಟ್ಟಿ ಸರಿ ಇದೆ ಅಂತ ತಾನೇ ಅರ್ಥ?"

ಹೌದು ಎಂದೆ. ದೇವರೇ. ಹೌದು ಎಂದುಬಿಟ್ಟೆ.

ನಾನು ಅರ್ಜಿಯಲ್ಲಿ ಸವಿನಯ ಬರೆಯುತ್ತಿದ್ದಾಗ, ಗೋಡೆಯ ಆಚೆ, ಪಿನ್ನುಗಳು ರ‍್ಯಾಕಿನ ಮೇಲೆ ಹೊಳೆಯುತ್ತ ಕಾದಿದ್ದವು. ನಾನು ಹೆದರಿ ಕಾದದ್ದು, ಹಟ ಮಾಡಿದ್ದು, ಬೀಗಿದ್ದು ಎಲ್ಲ ಬೇರೆ ಯಾವುದೋ ಉಕ್ಕಿಗಾಗಿ. ಕಡ್ಡಿಗಳು ಸುಳ್ಳು ಹೇಳಲಿಲ್ಲ. ಅವು ತಮ್ಮ ಮಟ್ಟಿಗೆ ಮಾತ್ರ ಹೇಳಿದವು.

ಅದೇ ದಿನ, ಸಂಜೆ

ಖಾಂಗ್‌ಗೆ ಹೇಳಿದೆ. ಕೆಳಗಿನ ತುಟಿ ಚಿಕ್ಕವನಿದ್ದಾಗಿನಂತೆ ಒಳಗೆಳೆದುಕೊಂಡ.

ನಾಲ್ಕು ಗಂಟೆಯ ಗಡುವು ದಾಟಿತೆಂದು ಯಾರು ನೋಡಿದ್ದಾರೆ ಎಂದು ಕೇಳಿದ. ಯಾರೂ ಇಲ್ಲ. ದಾಟಲಿಲ್ಲವೆಂದು ನೋಡಿದವರೂ ಇಲ್ಲ.

"ಮಾಲು ವಾಪಸ್ ಕರೆಸಿದ್ರೆ ಅದೇ ಎರಡನೇದು, ದೊಡ್ಡಮ್ಮ. ಅಲ್ಲಿಗೆ ನಾವು ಮುಗಿದ್ವಿ. ಪಿನ್ನಿಗೆ ಏನೂ ಆಗಿಲ್ದೇನೂ ಇರಬಹುದು. ಬರೀ ಇರಬಹುದು ಅನ್ನೋದಕ್ಕೆ ಎಲ್ಲರ ಅನ್ನ ಕೀಳೋದಾ?"

ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗಬಹುದಿತ್ತು.

ಆ ಸರಕಿನಲ್ಲಿ ರೂಢಿಯಂತೆ ಹೆಚ್ಚಿಗೆ ಮಾಡಿದ ಒಂದು ಪಿನ್ನು ಕಪಾಟಿನಲ್ಲಿದೆ. ಅದನ್ನೇ ತೂಗುಬಿಡೋಣ ಎಂದೆ. ಖಾಂಗ್ ತಾನೇ ಲೇತಿನ ಮುಂದೆ ನಿಂತು ಅದನ್ನು ಚೌಕಟ್ಟಿಗೆ ಸಿಕ್ಕಿಸಲು ಹಿಡಿಕೆ ಕಡೆದುಕೊಟ್ಟ. ಎಂಟು ದಿನ ಕಾಯಿರಿ, ಅಲ್ಲಿಯವರೆಗೆ ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡ.

ಒಪ್ಪಿದೆ. ಈ ಒಪ್ಪಿಗೆಯನ್ನು ಯಾವ ಭಾಷೆಯಲ್ಲಿ ಬರೆದರೂ ಚೆನ್ನಾಗಿ ಕಾಣುವುದಿಲ್ಲ.

ಮಾರ್ಚ್ 28, ಶುಕ್ರವಾರ

ಪಿನ್ನು ಮುರಿಯದೆ ತೂಗುತ್ತಿದೆ. ನಿಂತಿದೆ.

ಡ್ಯಾರೆಲ್ ಸಿಳ್ಳೆ ಹಾಕುತ್ತ ಕೆಲಸ ಮಾಡುತ್ತಿದ್ದಾನೆ. ಇನ್ನು ಮುಂದೆ ಕಡ್ಡಿಗಳು ಪಿನ್ನಿನ ಜೊತೆಗೇ ಒವನ್ನಿಗೆ ಹೋಗಲಿ ಎಂದಷ್ಟೇ ಹೇಳಿದೆ. ಏಕೆಂದು ಕೇಳಲಿಲ್ಲ. ಸರಿ ಮಿಸ್ ಥ್ವಾ ಎಂದ. ಕೇಳಿದ್ದರೆ ಒಳ್ಳೆಯದಿತ್ತು.

ಮಾರ್ಚ್ 29, ಶನಿವಾರ

ನಿಂತಿದೆ.

ಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಾಗ ಮೇಲೆ ಹೆಲಿಕಾಪ್ಟರ್ ಹೋಯಿತು. ಆಸ್ಪತ್ರೆಯದು, ಬಣ್ಣ ಕಂಡಿತು. ಆದರೂ ಅದು ದೂರವಾಗಿ ಸದ್ದು ಅಡಗುವವರೆಗೆ ಕೈ ನೀರಿನಲ್ಲೇ ಇತ್ತು. ರೆಕ್ಕೆಗೊಂದು ಪಿನ್ನು. ಒಂದು ಹೋದರೆ ಮಿಕ್ಕವು ಇದ್ದೂ ಪ್ರಯೋಜನವಿಲ್ಲ.

ನಿಮ್ಮನ್ನ ನೋಡೋರು ಯಾರೂ ಇಲ್ಲ... ಉರಿಬೆ ಬೆದರಿಸಲಿಲ್ಲ. ಮರುಗಿದ್ದು.

ಮಾರ್ಚ್ 30, ಭಾನುವಾರ, ಬೆಳಿಗ್ಗೆ

ದೇವಸ್ಥಾನಕ್ಕೆಂದು ಹೊರಟವಳು ಕಾರ್ಖಾನೆಗೆ ಬಂದೆ. ಖಾಂಗ್‌ನ ಕಾರು ಆಗಲೇ ಅಲ್ಲಿತ್ತು. ಚೌಕಟ್ಟಿನ ಮುಂದೆ ನನ್ನ ಸ್ಟೂಲಿನ ಮೇಲೆ ಕೂತಿದ್ದ. ಗಡ್ಡ ಬೋಳಿಸಿಲ್ಲ. ನನ್ನನ್ನು ಕಂಡು ಎದ್ದು ಸ್ಟೂಲು ಬಿಟ್ಟುಕೊಟ್ಟ.

ಪಿನ್ನು ನಿಂತಿದೆ.

ಅವನು ಚಹಾ ಮಾಡಿದ. ಗೂಡಿಗೂ ಒಂದು ಬಟ್ಟಲು ಇಟ್ಟ. ಇವನು ಗೂಡಿಗೆ ಕೈಮುಗಿದದ್ದನ್ನು ನೋಡಿ ಎಷ್ಟೋ ವರ್ಷವಾಗಿತ್ತು.

ಆಗ ಡ್ಯಾರೆಲ್ ಬಂದ. ಚರ್ಚಿನ ಬಟ್ಟೆಯಲ್ಲೇ. ನಮ್ಮ ಕಾರುಗಳನ್ನು ಕಂಡು ಒಳಗೆ ಇಣುಕಿದ್ದು. ಭಾನುವಾರವೂ ದುಡಿಮೆಯೇ, ಹೀಗಾದರೆ ನನ್ನನ್ನು ನರಕಕ್ಕೆ ಒಯ್ಯುವವರು ನೀವೇ ಎಂದು ನಕ್ಕ. ಆಮೇಲೆ ಮಗಳ ಸುದ್ದಿ. ಈ ವಾರಾಂತ್ಯ ಅವಳ ಸೈನ್ಯದ ಪಾಳಿ. ನಿನ್ನೆ ಪಿನ್ನುಗಳನ್ನು ಜೋಡಿಸಿದ್ದಾಳೆ. ಇಂದು ಮಧ್ಯಾಹ್ನದೊಳಗೆ ಪರೀಕ್ಷಾ ಹಾರಾಟ.

"ಜೋಡಿಸಿದೋರು ಜೊತೇಲಿ ಹಾರ್ಲೇಬೇಕಂತೆ, ಅವರಲ್ಲಿ ಹಂಗೇ ರೂಢಿ. ಅಪ್ಪನ ಪಿನ್ನು, ಮಗಳ ಸ್ಪ್ಯಾನರು. ನಮ್ಮನೆಯವಳು ಬೆಳಿಗ್ಗೆ ಚರ್ಚಲ್ಲಿ ಎಲ್ಲರ ಮುಂದೆ ಹೇಳ್ಕೊಂಡು ಬಂದ್ಲು."

ಖಾಂಗ್ ನನ್ನನ್ನು ನೋಡಲಿಲ್ಲ. ಚೌಕಟ್ಟನ್ನು ನೋಡಿದ. ಡ್ಯಾರೆಲ್ ಅವನ ನೋಟದ ಹಿಂದೆ ಹೋದ. ಚೌಕಟ್ಟಿನಲ್ಲಿ ಇದ್ದದ್ದು ಕಡ್ಡಿಯಲ್ಲ.

"ಪಿನ್ನನ್ನ ಯಾಕೆ ತೂಗುಬಿಟ್ಟಿದ್ದೀರಿ?"

ಇನ್ನು ಐದು ದಿನ ಕಾಯಬಹುದಿತ್ತು. ಈ ಹೊತ್ತಿಗೆ ನಿಂತಿರುವ ಪಿನ್ನು ಇನ್ನೊಂದು ಹೊತ್ತಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮುರಿದರೆ ಮಾತ್ರ ಹೇಳುತ್ತದೆ. ಅಷ್ಟರಲ್ಲಿ ಅದನ್ನು ಕೇಳುವವರು ಇರುವುದಿಲ್ಲ.

ಹೇಳಿದೆ. ಕೂತವಳು ಎದ್ದು ನಿಂತು ಹೇಳಿದೆ. ತಪ್ಪು ಹೇಳಿಕೊಟ್ಟವಳು ನಾನು, ನೀನು ಹೇಳಿದಂತೆ ಮಾಡಿದೆ, ಮುದ್ರೆ ನನ್ನದು, ಗುರುವಾರದಿಂದ ಗೊತ್ತಿತ್ತು.

ಗುರುವಾರದಿಂದ ಎಂಬಲ್ಲಿ ಅವನ ಮುಖ ಬಿಗಿದುಹೋಯಿತು. ಬೈಯಲಿಲ್ಲ. ಫೋನ್ ತೆಗೆದು ಮಗಳಿಗೆ ಮಾಡಿದ. ರಿಂಗೂ ಆಗಲಿಲ್ಲ. ಹೆಲಿಕಾಪ್ಟರ್ ನಿಲ್ಲಿಸುವ ಹ್ಯಾಂಗರಿನಲ್ಲಿ ಅವರ ಫೋನುಗಳನ್ನು ಪೆಟ್ಟಿಗೆಯಲ್ಲಿ ಹಾಕಿಸಿಡುತ್ತಾರೆ. ಮತ್ತೆ ಮಾಡಿದ. ಮತ್ತೆ.

ಖಾಂಗ್ ಸೈನ್ಯದ ಖರೀದಿ ಕಚೇರಿಯ ಸಂಖ್ಯೆಗೆ ಮಾಡಿದ. ಯಂತ್ರದ ದನಿ. ದೂರುಗಳನ್ನು ಜಾಲತಾಣದಲ್ಲಿ ಸಲ್ಲಿಸಿ. ಕೆಲಸದ ದಿನಗಳಲ್ಲಿ ಪರಿಶೀಲಿಸಲಾಗುವುದು.

ಡ್ಯಾರೆಲ್ ವ್ಯಾನಿನ ಬೀಗದಕೈ ಹುಡುಕುತ್ತಿದ್ದ. ಸಲೈನಾಕ್ಕೆ ಒಂದೂವರೆ ಗಂಟೆ. ತಲುಪುವ ಮಾತಲ್ಲ. ಅವನಿಗೂ ಗೊತ್ತು. ಜೇಬಿನೊಳಗೆ ಕೈ ಹಾಕುತ್ತಲೇ ಇದ್ದ.

ನಾನು ಉರಿಬೆಯವರಿಗೆ ಫೋನ್ ಮಾಡಿದೆ.

ಅದೇ ದಿನ, ಇನ್ನೂ ಮಧ್ಯಾಹ್ನವಾಗಿಲ್ಲ

ಉರಿಬೆ ಮೊದಲ ರಿಂಗಿಗೇ ಎತ್ತಿದರು. ಹಿಂದೆ ಮೊಮ್ಮಕ್ಕಳ ಗಲಾಟೆ. ವಿಷಯವನ್ನು ಮೊದಲಿಂದ ನಿವೇದಿಸತೊಡಗಿದೆ. ನಡುವೆಯೇ ತಡೆದರು.

"ಥ್ವಾ, ಅರ್ಜಿ ಬೇಡ. ಯಾವ ಪಿನ್ನು, ಎಲ್ಲಿದೆ, ಅಷ್ಟು ಹೇಳಿ."

ಹೇಳಿದೆ. ತನಗೀಗ ಯಾವ ಅಧಿಕಾರವೂ ಇಲ್ಲವೆಂದರು. ಹಾಗೆನ್ನುತ್ತಲೇ, ಆ ನೆಲೆಗೂ ತಪಾಸಣೆಗೆ ಹೋಗುತ್ತಿದ್ದವರು, ಹ್ಯಾಂಗರಿನ ಗೋಡೆ ಫೋನಿನ ಸಂಖ್ಯೆಯನ್ನು ನೆನಪಿನಿಂದಲೇ ಹೇಳಿದರು. ನಿಲ್ಲಿಸಿ ಎನ್ನಿ, ಕಾರಣ ಆಮೇಲೆ ಕೊಡಿ ಎಂದರು.

ಮಾಡುವ ಮೊದಲು ಖಾಂಗ್‌ನ ಮುಖ ನೋಡಿದೆ. ಈ ಕರೆ ಹೋದರೆ ಕಾರ್ಖಾನೆ ಹೋಯಿತು. ಅವನು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡ. ಕಸಿದುಕೊಂಡ ಎಂದೇ ಅಂದುಕೊಂಡೆ. ಸಂಖ್ಯೆ ಒತ್ತಿ, ಸ್ಪೀಕರ್ ಹಾಕಿ, ಮೇಜಿನ ಮೇಲೆ ಇಟ್ಟ.

ಬಹಳ ಹೊತ್ತು ರಿಂಗಾಯಿತು. ಯಾರೋ ಎತ್ತಿದರು. ಎಳೆಯ ದನಿ, ಗದ್ದಲದ ನಡುವೆ. ಅಮ್ಮಾ ಜೋರಾಗಿ ಹೇಳಿ ಎಂದ. ಹೇಳಿದೆ: ರೆಕ್ಕೆಯ ಪಿನ್ನುಗಳು, ನಾನು ಮುದ್ರೆ ಒತ್ತಿದವಳು, ಆ ಮುದ್ರೆಯನ್ನು ಹಿಂತೆಗೆದುಕೊಂಡಿದ್ದೇನೆ, ಹಾರಿಸಬೇಡಿ. ಯಾರೆಂದು ಇನ್ನೊಮ್ಮೆ ಕೇಳಿದ. ನನ್ನ ಹೆಸರು ಅವನ ಬಾಯಿಗೆ ಸಿಗಲಿಲ್ಲ.

ಡ್ಯಾರೆಲ್ ಮೇಜಿಗೆ ಬಗ್ಗಿದ. "ಫ್ರೀಸನ್ ಅವರಪ್ಪ ಮಾತಾಡ್ತಿರೋದು. ಮಾರ್ಲಾ ಫ್ರೀಸನ್. ಅವಳನ್ನ ಕೆಳಗಿಳಿಸಪ್ಪ. ಮೊದಲು ಕೆಳಗಿಳಿಸು."

ಅವಳು ಹೊರಗೆ ಮೈದಾನದಲ್ಲಿದ್ದಾಳೆ, ಎಲ್ಲರೂ ಹೆಲಿಕಾಪ್ಟರ್ ಹತ್ತಿಯಾಗಿದೆ ಎಂದ. ಲೈನಲ್ಲೇ ಇರಿ ಎಂದ. ಫೋನನ್ನು ತೂಗುಬಿಟ್ಟು ಓಡಿದ. ಅದು ಗೋಡೆಗೆ ಬಡಿಯುವ ಸದ್ದು ಕೇಳಿತು.

ಕಾಯುತ್ತಿದ್ದೇವೆ. ಸುಮ್ಮನೆ ಕೂರಲಾಗದು, ಆದಕಾರಣ ಬರೆಯುತ್ತಿದ್ದೇನೆ. ಖಾಂಗ್ ಡ್ಯಾರೆಲ್‌ನ ಹೆಗಲ ಮೇಲೆ ಕೈ ಇಟ್ಟ. ಡ್ಯಾರೆಲ್ ತೆಗೆದುಹಾಕಲಿಲ್ಲ. ಕಣ್ಣು ಮುಚ್ಚಿದ್ದಾನೆ.

ಅಲ್ಲಿಯೂ ಗಾಳಿ. ಹ್ಯಾಂಗರಿನ ತಗಡು ಬಡಿಯುತ್ತಿದೆ. ಅದರ ಹಿಂದೆ ಎಂಜಿನ್ನಿನ ಕೂಗು. ಅದರ ಮೇಲೆ ರೆಕ್ಕೆಯ ಹೊಡೆತ. ಒಂದೊಂದೂ ಬೇರೆಯಾಗಿ ಕೇಳಿಸುತ್ತಿದೆ.

ಈಗ ತಾನೇ ತಿರುಗತೊಡಗಿದೆಯೋ, ನಿಲ್ಲತೊಡಗಿದೆಯೋ? ಎರಡೂ ಹೀಗೇ ಕೇಳಿಸುತ್ತವೆ. ಯಾರೋ ಕೂಗಿದರು. ಮತ್ತೆ ಕೂಗಿದರು. ಮಾತು ತಿಳಿಯಲಿಲ್ಲ.

ಡ್ಯಾರೆಲ್ ಬೆರಳಿನಿಂದ ಮೇಜಿನ ಮೇಲೆ ತಾಳ ಹಿಡಿಯುತ್ತಿದ್ದಾನೆ, ಒಂದು ಹೊಡೆತಕ್ಕೆ ಒಂದು. ಅವನ ಬೆರಳನ್ನೇ ನೋಡುತ್ತಿದ್ದೇನೆ. ಹೊಡೆತ. ಹೊಡೆತ. ನಡುವೆ ಬಿಡುವು. ಹೊಡೆತ... ಈ ಬಿಡುವು ಮೊದಲಿನದಕ್ಕಿಂತ ತುಸು ಹೆಚ್ಚು—